ಹತ್ತು ಡಿಗ್ರಿಯ ಥಂಡಿ

ನರಗುಂದ ತಾಲೂಕಿನ ಕೊಣ್ಣೂರಿನಲ್ಲಿ ಎಳ್ಳ ಅಮಾವಾಸ್ಯೆ ಸಮೀಪಿಸಿದಾಗಲೂ ಮಧ್ಯಾಹ್ನ ಅಂಗಿ ಬೆವರುತ್ತದೆ. ಅದೇ ದಿನ ನಸುಕಿನಲ್ಲಿ ಹೊಲಕ್ಕೆ ಹೊರಟವರು ಕಿವಿ ಮುಚ್ಚುವಂತೆ ಟವೆಲ್ ಸುತ್ತಿಕೊಂಡಿರುತ್ತಾರೆ. ಮಧ್ಯಾಹ್ನ 29–30 ಡಿಗ್ರಿ ಸೆಲ್ಸಿಯಸ್, ಬೆಳಗಿನ ಜಾವ ಹದಿನೈದರ ಆಸುಪಾಸು; ಇದು ಇಲ್ಲಿನ ಚಳಿಗಾಲದ ರೂಢಿ. ಕೆಲವು ವರ್ಷ, ಕೆಲವೇ ದಿನ, ಬೆಳಗಿನ ಅಂಕಿ ಹತ್ತರ ಹತ್ತಿರ ಬರುತ್ತದೆ. ಆಗ ಕಟ್ಟೆಯ ಮೇಲೆ ಕೂತವರೆಲ್ಲ "ಈ ಸಲ ಥಂಡಿ ಭಾಳ ಐತಿ" ಅನ್ನುತ್ತಾರೆ. ದೆಹಲಿಯ ನಾಲ್ಕು ಡಿಗ್ರಿ, ಕಾಶ್ಮೀರದ ಮೈನಸ್ ಡಿಗ್ರಿಯ ಸುದ್ದಿ ನೋಡುವ ಮಕ್ಕಳು ಈ ಮಾತಿಗೆ ನಗುತ್ತಾರೆ. ನಗಬೇಕಾಗಿಲ್ಲ.

ಹವಾಮಾನ ಇಲಾಖೆಯೇ ಹಿರಿಯರ ಪರವಾಗಿದೆ. ಬಯಲು ಸೀಮೆಯಲ್ಲಿ ಕನಿಷ್ಠ ಉಷ್ಣಾಂಶ 10 ಡಿಗ್ರಿ ಅಥವಾ ಅದಕ್ಕಿಂತ ಕೆಳಗಿಳಿದು, ಆ ಊರಿನ ವಾಡಿಕೆಗಿಂತ 4.5ರಿಂದ 6.4 ಡಿಗ್ರಿ ಕಡಿಮೆಯಾದರೆ ಅದು ಶೀತಗಾಳಿ. ಇನ್ನೂ ಕುಸಿದರೆ ತೀವ್ರ ಶೀತಗಾಳಿ. ವಾಡಿಕೆ ಏನೇ ಇರಲಿ, 4 ಡಿಗ್ರಿಗೆ ಮುಟ್ಟಿದರೂ ಶೀತಗಾಳಿಯೆಂದೇ ಲೆಕ್ಕ. ಗುಡ್ಡಗಾಡಿಗೆ ಬೇರೆ ನಿಯಮ: ಅಲ್ಲಿ ಸೊನ್ನೆಗಿಳಿಯಬೇಕು. ಅಂದರೆ ಹೋಲಿಕೆ ಊರೂರಿಗಲ್ಲ, ಒಂದು ಊರಿನ ಇಂದಿನ ಬೆಳಗಿಗೂ ಅದೇ ಊರಿನ ಹಿಂದಿನ ಬೆಳಗುಗಳಿಗೂ. ಬೆಂಗಳೂರಿನಲ್ಲಿ 1884ರ ಜನವರಿ 13ರಂದು ದಾಖಲಾದ 7.8 ಡಿಗ್ರಿ ಇಂದಿಗೂ ಆ ನಗರದ ದಾಖಲೆ. ದೆಹಲಿಯಲ್ಲಿ ಅದು ಜನವರಿಯ ಮಾಮೂಲಿ ಬೆಳಗು.

ಸಮುದ್ರದಿಂದ ದೂರವಿರುವ ಈ ಸೀಮೆಗೆ ಚಳಿ ಬರುವ ದಾರಿ ಎರಡು. ಉತ್ತರ ಭಾರತದ ಮೇಲೆ ಹಾದುಹೋದ ಪಶ್ಚಿಮದ ಮಾರುತಗಳ ಬೆನ್ನಿಗೆ ಒಣ ತಂಪುಗಾಳಿ ದಖ್ಖನ್ನಿನವರೆಗೂ ಇಳಿಯುವುದು ಒಂದು. ಇನ್ನೊಂದು, ನೆಲ ತನ್ನ ಕಾವನ್ನು ತಾನೇ ಬಿಟ್ಟುಕೊಡುವುದು. ಡಿಸೆಂಬರ್ ಕೊನೆಯ ರಾತ್ರಿ ಇಲ್ಲಿ ಹತ್ತಿರಹತ್ತಿರ ಹದಿಮೂರು ತಾಸು. ಮೋಡವಿದ್ದರೆ ಅದು ಊರಿಗೆ ಹೊದಿಸಿದ ಕೌದಿ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದು ಮೋಡ ಕವಿದ ವಾರ ಥಂಡಿ ಮಾಯವಾಗುವುದು ಇದಕ್ಕೇ. ಆಕಾಶ ನಿಚ್ಚಳವಾಗಿ, ಗಾಳಿ ನಿಂತ ರಾತ್ರಿ ಎರೆಭೂಮಿಯ ಮೇಲ್ಪದರ ಬೇಗ ತಣ್ಣಗಾಗುತ್ತದೆ. ಬಿರುಕು ಬಿಟ್ಟ ಒಣಮಣ್ಣಿನ ಸಂದುಗಳಲ್ಲಿ ಗಾಳಿ ತುಂಬಿರುವುದರಿಂದ ಒಳಗಿನ ಕಾವು ಮೇಲೆ ಬರುವುದು ಕಷ್ಟ. ತಂಪಾದ ಗಾಳಿ ಭಾರವಾಗಿ ತಗ್ಗಿಗೆ ಹರಿಯುತ್ತದೆ. ಮಲಪ್ರಭೆಯ ದಂಡೆಯ ತಗ್ಗು ಹೊಲಗಳಲ್ಲಿ ಚಳಿ ಹೆಚ್ಚೆನಿಸಲು ಇದೂ ಕಾರಣ. ಹವಾಮಾನ ಕೇಂದ್ರದ ಉಷ್ಣಮಾಪಕ ನೆಲದಿಂದ ಸುಮಾರು ನಾಲ್ಕಡಿ ಮೇಲೆ, ಗಾಳಿಯಾಡುವ ಬಿಳಿ ಪೆಟ್ಟಿಗೆಯೊಳಗೆ ಇರುತ್ತದೆ. ಅದು ಹತ್ತು ತೋರಿಸುವಾಗ ಕಡಲೆ ಗಿಡದ ಬುಡದಲ್ಲಿ ಇನ್ನೂ ಒಂದೆರಡು ಡಿಗ್ರಿ ಕಡಿಮೆ ಇದ್ದೀತು.

ಸೈಬೀರಿಯಾದ ಓಯ್ಮ್ಯಾಕೋನ್ ಎಂಬ ಹಳ್ಳಿಯಲ್ಲಿ 1933ರಲ್ಲಿ ಮೈನಸ್ 67.7 ಡಿಗ್ರಿ ದಾಖಲಾಗಿದೆ. ಅಲ್ಲಿಯವರು ಬದುಕುವುದು ಬೆಚ್ಚಗಿನ ಮನೆ, ತುಪ್ಪಳದ ಉಡುಪಿನ ಬಲದಿಂದ. ಇದನ್ನು ಚೆನ್ನಾಗಿ ತೋರಿಸಿದ್ದು 1997ರಲ್ಲಿ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಯುರೋಪಿನ ಒಂದು ಅಧ್ಯಯನ. 18ಕ್ಕಿಂತ ಕೆಳಗೆ ಉಷ್ಣಾಂಶ ಒಂದೊಂದು ಡಿಗ್ರಿ ಇಳಿದಂತೆ ಸಾವಿನ ಪ್ರಮಾಣ ಅಥೆನ್ಸ್‌ನಲ್ಲಿ ಶೇ. 2.15 ಏರಿದರೆ, ದಕ್ಷಿಣ ಫಿನ್ಲೆಂಡಿನಲ್ಲಿ ಏರಿದ್ದು ಶೇ. 0.27 ಮಾತ್ರ. ಹೊರಗೆ 7 ಡಿಗ್ರಿ ಇರುವಾಗ ಫಿನ್ಲೆಂಡಿನ ಮನೆಯೊಳಗೆ 21.7, ಅಥೆನ್ಸ್‌ನಲ್ಲಿ 19.2. ಆ ಚಳಿಯಲ್ಲಿ ಹೊರಬಿದ್ದ ಫಿನ್ನರಲ್ಲಿ ಶೇ. 72 ಮಂದಿ ಟೊಪ್ಪಿಗೆ ಹಾಕಿದ್ದರು, ಅಥೆನ್ಸಿನವರಲ್ಲಿ ಶೇ. 13. ಚಳಿ ಅಪರೂಪವಾದ ಕಡೆ ಅದಕ್ಕೆ ಸಿದ್ಧತೆಯೂ ಅಪರೂಪ. ಜೀವ ಹೋಗುವುದು ಅಲ್ಲಿ.

ಕೊಣ್ಣೂರಿನ ಹಳೆಯ ಮೇಲ್ಮುದ್ದೆ ಮನೆಗಳ ದಪ್ಪ ಮಣ್ಣಿನ ಗೋಡೆ ಹಗಲಿನ ಬಿಸಿಯನ್ನು ಹಿಡಿದಿಟ್ಟು ರಾತ್ರಿಯಿಡೀ ಮೆಲ್ಲಗೆ ಬಿಡುತ್ತದೆ. ತಗಡಿಗೆ ಆ ಗುಣವಿಲ್ಲ. ಅದು ಆಕಾಶಕ್ಕೆ ಕಾವು ಸೂಸಿ ನಡುರಾತ್ರಿಗೆಲ್ಲ ತಣ್ಣಗಾಗುತ್ತದೆ, ಒಳಮೈಯಲ್ಲಿ ಹನಿಗಟ್ಟಿ ಹಾಸಿಗೆಯ ಮೇಲೆ ತೊಟ್ಟಿಕ್ಕುತ್ತದೆ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಮನೆ ಕಳೆದುಕೊಂಡವರಿಗೆ ತಗಡಿನ ಶೆಡ್ಡೇ ಆಸರೆಯಾಯಿತು. ನೆರೆಯ ಚರ್ಚೆಯಲ್ಲಿ ಚಳಿಯ ಮಾತು ಬರುವುದೇ ಇಲ್ಲ, ಬರಬೇಕು. ತಗಡಿನ ಕೆಳಗೆ ಒಂದು ಗೇಣು ಬಿಟ್ಟು ತಾಡಪತ್ರಿಯೋ ಹಳೆಯ ಗೋಣಿಚೀಲವೋ ಕಟ್ಟಿದರೂ ನಡುವಿನ ಗಾಳಿ ತಕ್ಕಮಟ್ಟಿಗೆ ಚಳಿ ತಡೆಯುತ್ತದೆ.

ಕೌದಿಯ ಗುಟ್ಟೂ ಇದೇ. ಹಳೆಯ ಸೀರೆ, ಧೋತರದ ತುಂಡುಗಳನ್ನು ಪದರಪದರವಾಗಿ ಹಾಸಿ, ಅಂಚಿನಿಂದ ಒಳಗೆ ಸಾಲುಸಾಲಾಗಿ ದಾರ ಎಳೆಯುತ್ತ ಹೋದಾಗ ಪ್ರತಿ ಎರಡು ಪದರಗಳ ನಡುವೆ ಗಾಳಿ ಸಿಕ್ಕಿಬೀಳುತ್ತದೆ. ಮೈ ಬೆಚ್ಚಗಿಡುವುದು ಆ ನಿಂತ ಗಾಳಿ. ದಪ್ಪ ಸ್ವೆಟರ್ ಒಂದಕ್ಕಿಂತ ತೆಳು ಬಟ್ಟೆ ಎರಡು ಮೇಲೆನ್ನುವುದೂ ಇದೇ ಲೆಕ್ಕ. ಹೊಲದಲ್ಲಿ ಕುರಿ ತರುಬಿ ಬಯಲಲ್ಲೇ ಮಲಗುವ ಕುರುಬರ ಕರಿಕಂಬಳಿ ಇನ್ನೂ ಒಂದು ಹೆಜ್ಜೆ ಮುಂದೆ. ಉಣ್ಣೆ ತೇವವನ್ನು ಎಳೆಯೊಳಗೆ ಎಳೆದುಕೊಂಡೂ ಬೆಚ್ಚಗಿರುತ್ತದೆ. ಹತ್ತಿ ತೊಯ್ದರೆ ಮುಗಿಯಿತು.

ಚಳಿಗೆ ಚರ್ಮದ ರಕ್ತನಾಳಗಳು ಮುದುಡಿ ರಕ್ತದೊತ್ತಡ ಏರುತ್ತದೆ. ಹೃದಯದ ತೊಂದರೆಯಿರುವ ಹಿರಿಯರು ನಸುಕಿನಲ್ಲಿ ಬಯಲಿಗೆ, ನಡಿಗೆಗೆ ಹೊರಡುವುದನ್ನು ಬಿಸಿಲೇರುವ ತನಕ ಮುಂದೂಡಲಿ. ಹಸುಗೂಸನ್ನು ತಾಯಿ ಎದೆಗವಚಿ, ತಲೆಗೆ ಕುಲಾಯಿ ಹಾಕಿ ಮಲಗಿಸುವುದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಸಾರಾಯಿ ಬಿಸಿ ತರುತ್ತದೆಂಬುದು ಸುಳ್ಳು. ಅದು ರಕ್ತವನ್ನು ಚರ್ಮದತ್ತ ಹರಿಸಿ ಒಳಗಿನ ಕಾವನ್ನು ಹೊರಹಾಕುತ್ತದೆ. ಎಲ್ಲಕ್ಕಿಂತ ಮುಖ್ಯ: ಇದ್ದಲಿನ ಕೆಂಡವನ್ನು ಮುಚ್ಚಿದ ಕೋಣೆಯಲ್ಲಿ ಇಟ್ಟು ಮಲಗಬೇಡಿ. ಅದರಿಂದ ಹೊಮ್ಮುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ದೆಯಲ್ಲೇ ಕೊಲ್ಲುತ್ತದೆ.

ಹಿಂಗಾರಿ ಪೀಕಿಗೆ ಚಳಿ ಬೇಕು, ಆದರೆ ಹದವಾಗಿ. ಗೋದಿಗೆ ಅದು ಹಬ್ಬ. ಬಿಳಿಜೋಳ ಹೊಡೆಯಲ್ಲಿರುವಾಗ ರಾತ್ರಿಯ ಚಳಿ ಹಲವು ದಿನ ಬಿಗಿಯಾಗಿದ್ದರೆ ಪರಾಗ ಕೆಟ್ಟು ತೆನೆಯಲ್ಲಿ ಕಾಳು ಕಟ್ಟುವುದಿಲ್ಲ. ಕಡಲೆಯಲ್ಲಿ ಹಗಲು ರಾತ್ರಿಯ ಸರಾಸರಿ ಹದಿನೈದಕ್ಕಿಂತ ಕೆಳಗಿಳಿದರೆ ಹೂ ಉದುರುತ್ತದೆ. ಇಲ್ಲಿ ಬಿಸಿಲು ಹಗಲನ್ನು ಕಾಯುವುದರಿಂದ ಆ ಭಯ ಕಡಿಮೆ. ಕಾಲುವೆ ನೀರಿದ್ದವರು ತೀವ್ರ ಚಳಿಯ ಮುನ್ಸೂಚನೆ ಬಂದ ದಿನ ಸಂಜೆ ಹಗುರಾಗಿ ನೀರು ಹಾಯಿಸಿದರೆ ಒದ್ದೆ ಮಣ್ಣು ಕಾವು ಹಿಡಿದಿಡುತ್ತದೆ. ಇಬ್ಬನಿಯಿಂದ ಬರುವ ಲಾಭವೂ ಒಂದುಂಟು: ಕಡಲೆ ಗಿಡದ ಮೇಲೆ ಅರಿವೆ ಹಾಸಿ, ನಸುಕಿನಲ್ಲಿ ಹಿಂಡಿ ತೆಗೆದ ಹುಳಿಯನ್ನು ಹೊಟ್ಟೆನೋವಿಗೆ ಇಟ್ಟುಕೊಳ್ಳುವ ರೂಢಿ.

ಈಗ ರಾಜ್ಯದ ಹೋಬಳಿಗಳಲ್ಲಿ ಉಷ್ಣಾಂಶ ದಾಖಲಿಸುವ ಟೆಲಿಮೆಟ್ರಿಕ್ ಕೇಂದ್ರಗಳಿವೆ. ಆದರೂ ನಿಮ್ಮ ಮನೆಯೊಳಗಿನ ಅಂಕಿ ಅಲ್ಲಿ ಸಿಗುವುದಿಲ್ಲ. ಶಾಲೆಯ ಮಾಸ್ತರರಿಗೆ ಒಂದು ವಿನಂತಿ: ಈ ಡಿಸೆಂಬರಿನಿಂದ ಮಕ್ಕಳ ಕೈಯಲ್ಲಿ ಒಂದು ಉಷ್ಣಮಾಪಕ ಕೊಟ್ಟು, ಬೆಳಗಿನ ಆರಕ್ಕೆ ಮೇಲ್ಮುದ್ದೆ ಮನೆ, ಆರ್‌ಸಿಸಿ ಮನೆ, ತಗಡಿನ ಮನೆ ಮೂರರ ಒಳಗೂ ಎಷ್ಟಿದೆಯೆಂದು ಬರೆಸಿ. ಕಂಬಳಿ ಮೊದಲು ಯಾರ ಮನೆಗೆ ಹೋಗಬೇಕೆಂದು ಪಂಚಾಯಿತಿಗೆ ತೋರಿಸಲು ಆ ವಹಿ ಸಾಕು.