ಗಾಳಿ ಸೋರುವ ಬೈಕು: ದುರಸ್ತಿಯೂ ಕಾನೂನೂ

ಪೆದ್ದಕಡುಬೂರಿನಂಥ ಊರುಗಳ ಹೊಲದ ದಾರಿಗಳಲ್ಲಿ ಹಳೆಯ ಬೈಕುಗಳ ಪಾಡು ಕಷ್ಟಕರ. ಕಾರ್ಬುರೇಟರನ್ನು ಇಂಜಿನ್ನಿಗೆ ಜೋಡಿಸುವ ರಬ್ಬರ್ ಕೊಳವೆ ಬಿರುಕುಬಿಟ್ಟರೆ ಲೆಕ್ಕಕ್ಕೆ ಸಿಗದ ಗಾಳಿ ಒಳನುಗ್ಗುತ್ತದೆ. ಪೆಟ್ರೋಲಿನ ಪಾಲು ಕುಗ್ಗಿ ಇಂಜಿನ್ ಅತಿಯಾಗಿ ಕಾಯುತ್ತದೆ. ಮೈಸೂರಿನಲ್ಲಿ ತಯಾರಾಗುತ್ತಿದ್ದ ಯೆಜ್ಡಿಯಂತಹ ಎರಡು ಸ್ಟ್ರೋಕಿನ ಗಾಡಿಗಳಲ್ಲಿ ಪಿಸ್ಟನ್ನೇ ಹಿಡಿದುಕೊಳ್ಳಬಹುದು.

ಇಂಜಿನ್ ನಿಧಾನವಾಗಿ ಓಡುತ್ತಿರುವಾಗ ಜೋಡಣೆಯ ಮೇಲೆ ಸೋಪಿನ ನೀರು ಸಿಂಪಡಿಸಿರಿ. ಸದ್ದು ಬದಲಾದರೆ ಸೋರಿಕೆ ಅಲ್ಲಿಯೇ. ಪೆಟ್ರೋಲು ಸಿಂಪಡಿಸುವುದು ಬೆಂಕಿಗೆ ಆಹ್ವಾನ. ಹೊಸ ಕೊಳವೆಯ ಒಳಅಳತೆ ಹಳೆಯದರಷ್ಟೇ ಇರಲಿ. ಕಾರ್ಬುರೇಟರ್ ಪೂರ್ತಿ ಕುಳಿತ ಬಳಿಕವೇ ಕ್ಲಿಪ್ ಬಿಗಿಯಬೇಕು.

ದುರಸ್ತಿಗೆ ಕಾನೂನಿನ ಅಡ್ಡಿಯಿಲ್ಲ. ಆದರೆ ವೇಗದ ಆಸೆಗೆ ಗಾಡಿಯನ್ನೇ ಅನುಮತಿಯಿಲ್ಲದೆ ಮಾರ್ಪಡಿಸಿದರೆ, ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಂದ ತಿದ್ದುಪಡಿಯಂತೆ, ಮಾಲೀಕರಿಗೆ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆ, ಇಲ್ಲವೇ ಎರಡೂ ವಿಧಿಸಬಹುದು. ಮೆಕ್ಯಾನಿಕ್ ಹೇಳಿದನೆಂಬ ಸಮಜಾಯಿಷಿ ಮಾಲೀಕನನ್ನು ಕಾಯದು.