ನುಸಿ ಗುಳಿಗೆಯ ದಾಯಾದಿಯಿಂದ ಲೇಸರ್!

ಚಿತ್ರದುರ್ಗ: ಸಂತೇಪೇಟೆಯ ದಿನಸಿ ಅಂಗಡಿಯಲ್ಲಿ ಕಲ್ಲುಸಕ್ಕರೆ ಒಂದು ಡಬ್ಬದಲ್ಲಿ, ನಫ್ತಲಿನ್ ನುಸಿ ಗುಳಿಗೆ ಇನ್ನೊಂದು ಡಬ್ಬದಲ್ಲಿ. ಒಂದನ್ನು ಬಾಯಿಗೆ ಹಾಕಬಹುದು, ಇನ್ನೊಂದನ್ನು ಮೂಸಲೂ ಬಾರದು. ಆದರೆ ಎರಡರ ಕುಲವೂ ಒಂದೇ. ಇಂಗಾಲದ ಅಣುಗಳು ಸಾಲುಗಟ್ಟಿ ಕೂತ ಸಾವಯವ ಹರಳು. (ಸಾವಯವ ಎಂದೊಡನೆ ಗೊಬ್ಬರ ನೆನೆಯಬೇಡಿ.)

ನಫ್ತಲಿನ್ನಿಗೆ ಆಂಥ್ರಸೀನ್ ಅಂತ ಒಬ್ಬ ದಾಯಾದಿ. ಇಬ್ಬರೂ ಕಲ್ಲಿದ್ದಲ ಡಾಂಬರಿನ ಮಕ್ಕಳೇ. ಈ ಆಂಥ್ರಸೀನನ್ನು ಬೇರೊಂದು ಸಾವಯವ ಹರಳಿನೊಳಗೆ ಚಿಟಿಕೆಯಷ್ಟು ಬೆರೆಸಿ, ಜರ್ಮನಿಯ ನಾರ್ಬರ್ಟ್ ಕಾರ್ಲ್ 1972ರಲ್ಲೇ ಲೇಸರ್ ಬೆಳಕು ತೆಗೆದರು.

ಚಿಟಿಕೆಯಷ್ಟೇ ಯಾಕೆ? ಹಿರಿಯೂರಿನಲ್ಲಿ ಹೊಸದುರ್ಗದ ಸಂಜೆ ಬಸ್ಸು ಹತ್ತಿದವರಿಗೆ ಗುಟ್ಟು ಬೇಗ ತಿಳಿಯುತ್ತದೆ. ಅಣು ಬೆಳಕು ಹೀರಿ ಮತ್ತೆ ಬೆಳಕನ್ನೇ ಉಗುಳಬೇಕು. ಮುಖಕ್ಕೆ ಮುಖ ಒತ್ತಿ ನಿಂತರೆ ಒಬ್ಬನ ಶಕ್ತಿ ಪಕ್ಕದವನಿಗೆ ದಾಟಿ ದಾಟಿ ಬರೀ ಬಿಸಿಯಾಗಿ ಹಾಳಾಗುತ್ತದೆ. ತೀರಾ ದೂರ ಕೂರಿಸಿದರೆ ಬೆಳಕು ಸಾಲದು. ಯಾರು ಎಲ್ಲಿ, ಯಾವ ಓರೆಯಲ್ಲಿ ಕೂರಬೇಕೆಂದು ಮೊದಲೇ ಸೀಟು ಗೊತ್ತು ಮಾಡುವುದೇ ಹರಳು ವಿನ್ಯಾಸ. ಈ ವಿದ್ಯೆಗೆ 1989ರಲ್ಲಿ ಪುಸ್ತಕ ಬರೆದುಕೊಟ್ಟ ಗೌತಮ್ ದೇಸಿರಾಜು 2009ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು.

ಆದರೆ ಅಣುಗಳು ಕಂಡಕ್ಟರ್ ಮಾತು ಕೇಳುವುದಿಲ್ಲ. ಒಂದೇ ಅಣು ಎರಡು ಮೂರು ಬಗೆಯಲ್ಲಿ ಸಾಲುಗಟ್ಟುವುದುಂಟು. ಒಂದು ಸಾಲು ಝಗಝಗಿಸಿದರೆ ಇನ್ನೊಂದು ಮಂಕು. ಲೇಸರಿಗೆ ಬೇಕಾದ ಎರಡು ಕನ್ನಡಿಗಳ ಖರ್ಚು ಮಾತ್ರ ಇಲ್ಲ. ಒಳ್ಳೆ ಹರಳಿನ ಎದುರುಬದುರು ಮುಖಗಳೇ ಕನ್ನಡಿ. ಅದಕ್ಕೇ ಕೂದಲೆಳೆಗಿಂತ ತೆಳುವಾದ ಹರಳೂ ಲೇಸರ್ ಆಗಬಲ್ಲದು.

ಗಂಟು ಇನ್ನೂ ಪೂರ್ತಿ ಬಿಚ್ಚಿಲ್ಲ. ಇಂಥ ಹರಳನ್ನು ಬೆಳಗಿಸಲು ಸಾಮಾನ್ಯವಾಗಿ ಇನ್ನೊಂದು ಲೇಸರ್ ಬೇಕು! ಸಾವಯವ ವಸ್ತುವಿಗೆ ನೇರ ವಿದ್ಯುತ್ ಕೊಟ್ಟೇ ಲೇಸರ್ ಪಡೆದದ್ದಾಗಿ ಜಪಾನಿನ ಕ್ಯೂಷೂ ವಿಶ್ವವಿದ್ಯಾಲಯದವರು 2019ರಲ್ಲಿ ವರದಿ ಮಾಡಿದರು. ಅದು ತೆಳು ಪದರ, ಹರಳಲ್ಲ.

ಇದರಲ್ಲಿ ನಮ್ಮ ಜಿಲ್ಲೆಗೇನು? ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ ದನ ಕುರಿ ಮೇಯುತ್ತಿದ್ದ ಕಾವಲಿನ ಸುಮಾರು 1,500 ಎಕರೆ ಇದೇ ವಿಜ್ಞಾನ ಸಂಸ್ಥೆಗೆ ಹೋಗಿದೆ. ಅಲ್ಲಿ ಮೇಷ್ಟ್ರುಗಳಿಗೆ ವಿಜ್ಞಾನದ ತರಬೇತಿ ನಡೆಸಿದ್ದಾರೆ, ಒಳ್ಳೆಯದೇ. ಹರಳು ಬೆಳೆಸುವುದಕ್ಕಂತೂ ದೊಡ್ಡ ಕಾರ್ಖಾನೆ ಬೇಡ. ಶುದ್ಧ ದ್ರಾವಣ, ಮುಚ್ಚಿಟ್ಟ ಲೋಟ, ಅಲುಗಾಡದ ಮೂಲೆ, ದಿನಗಟ್ಟಲೆ ಕಾಯುವ ತಾಳ್ಮೆ ಇದ್ದರೆ ಶುರು ಮಾಡಬಹುದು. ಹೊಳಲ್ಕೆರೆಯ ಕಾಲೇಜು ಹುಡುಗಿ ಇಷ್ಟನ್ನು ಕಲಿಯಲು ಬೆಂಗಳೂರಿನ ಬಸ್ಸನ್ನೇ ಯಾಕೆ ಹತ್ತಬೇಕು?