ಸೇನೆಗೊಂದು ಚರ್ಚು, ಮಕ್ಕಳಿಗೊಂದು ಪಠ್ಯ

ಈ ಚರ್ಚಿನ ಮೆಟ್ಟಿಲು ಹತ್ತುವಾಗ ಕಾಲಡಿ ಸಿಗುವುದು ಬರೀ ಕಲ್ಲಲ್ಲ. ಹಿಟ್ಲರನ ಸೇನೆಯಿಂದ ವಶಪಡಿಸಿಕೊಂಡ ಆಯುಧಗಳನ್ನು ಕರಗಿಸಿ ಎರಕ ಹೊಯ್ದ ಲೋಹ!

ಮಾಸ್ಕೋ ಹತ್ತಿರದ ಕುಬಿಂಕಾದಲ್ಲಿರುವ ಇದು ರಷ್ಯಾ ಸೇನೆಯ ಮುಖ್ಯ ಚರ್ಚು. ಬಣ್ಣವೂ ಮಿಲಿಟರಿ ಹಸಿರೇ. ಬಾಗಿಲು ತೆರೆದದ್ದು 2020ರ ಜೂನ್‌ನಲ್ಲಿ. ಮುಖ್ಯ ಗುಮ್ಮಟದ ಬುಡದ ವ್ಯಾಸ 19.45 ಮೀಟರ್, ಯುದ್ಧ ಗೆದ್ದದ್ದು 1945ರಲ್ಲಿ ನೋಡಿ, ಆ ಲೆಕ್ಕ. ಗಂಟೆಗೋಪುರ 75 ಮೀಟರ್, ಗೆಲುವಿಗೆ 75 ವರ್ಷ ತುಂಬಿತ್ತಲ್ಲ! ಪುಟಿನ್ ಮುಖವಿರುವ ಮೊಸಾಯಿಕ್ ಕೂಡ ಸಿದ್ಧವಾಗುತ್ತಿತ್ತು. ಸುದ್ದಿ ಹೊರಬಿದ್ದು ಗದ್ದಲವಾದ ಮೇಲೆ ಕೈಬಿಟ್ಟರು.

ಇನ್ನೊಂದು ವಿಚಿತ್ರ ಕೇಳಿ. ಪುಟಿನ್ ಭಾಷಣಗಳಲ್ಲಿ ಮತ್ತೆ ಮತ್ತೆ ಬರುವ ಹೆಸರು ಚಿಂತಕ ಇವಾನ್ ಇಲಿನ್‌ದು. 1922ರಲ್ಲಿ ಲೆನಿನ್ ಸರ್ಕಾರ ಗಡಿಪಾರು ಮಾಡಿದ್ದ ಈತ, 1933ರಲ್ಲಿ ನಾಜಿಗಳನ್ನು ಸಮರ್ಥಿಸಿ ಬರೆದವನು. 2005ರಲ್ಲಿ ಸ್ವಿಟ್ಜರ್ಲೆಂಡ್‌ನಿಂದ ಅವನ ಅಸ್ಥಿ ತರಿಸಿ ಮಾಸ್ಕೋದಲ್ಲಿ ಸಮಾಧಿ ಮಾಡಿದರು. 2022ರ ಸೆಪ್ಟೆಂಬರ್ 30ರಂದು, ಉಕ್ರೇನ್‌ನ ನಾಲ್ಕು ಪ್ರಾಂತ್ಯಗಳು ಇನ್ನು ನಮ್ಮವು ಎಂದು ಘೋಷಿಸಿದ ಭಾಷಣವನ್ನು ಪುಟಿನ್ ಮುಗಿಸಿದ್ದೂ ಇಲಿನ್ ಮಾತಿನಿಂದಲೇ. ನಾಜಿಗಳನ್ನು ಮಣಿಸಿದ ಹೆಮ್ಮೆಯೂ ಬೇಕು, ಇವನೂ ಬೇಕು! ಇತಿಹಾಸದಲ್ಲಿ ತನಗೆ ಒಗ್ಗುವುದನ್ನಷ್ಟೇ ಹೆಕ್ಕಿಕೊಳ್ಳುವ ರಾಷ್ಟ್ರವಾದ ಇದು.

ಶಾಲೆಗಳನ್ನೂ ಬಿಟ್ಟಿಲ್ಲ. 2022ರ ಸೆಪ್ಟೆಂಬರ್‌ನಿಂದ ಸೋಮವಾರ ಬಂತೆಂದರೆ ಧ್ವಜಾರೋಹಣ, ಜೊತೆಗೆ ದೇಶಭಕ್ತಿಯ ಪಾಠ. 2023ರಲ್ಲಿ ಬಂದ 11ನೇ ತರಗತಿಯ ಇತಿಹಾಸ ಪಠ್ಯದಲ್ಲಿ ಉಕ್ರೇನ್ ಯುದ್ಧದ್ದೇ ಅಧ್ಯಾಯವಿದೆ, ಅದೂ ಯುದ್ಧ ನಡೆಯುತ್ತಿರುವಾಗಲೇ! ಬರೆದವರಲ್ಲೊಬ್ಬರು ವ್ಲಾದಿಮಿರ್ ಮೆದಿನ್ಸ್ಕಿ. 2022ರಲ್ಲೂ 2025ರಲ್ಲೂ ಉಕ್ರೇನ್ ಜೊತೆ ಸಂಧಾನಕ್ಕೆ ಕೂತ ರಷ್ಯಾ ನಿಯೋಗದ ಮುಖ್ಯಸ್ಥರೂ ಅವರೇ.